ಕೆಂಡಲ್ ಪಾರ್ಕಿನ ರಾಹುಕಾಲ

ಹೊಸ ಕ್ಯಾಲೆಂಡರಿನ ವಾಸನೆ ನನಗೆ ಆಗಿಬರುವುದಿಲ್ಲ. ಡಿಸೆಂಬರ್ ಬಂತೆಂದರೆ ಇಲ್ಲಿನ ಇಂಡಿಯನ್ ಅಂಗಡಿಗಳ ಕೌಂಟರಿನ ಮೇಲೆ ರಬ್ಬರ್ ಬ್ಯಾಂಡ್ ಹಾಕಿದ ಕ್ಯಾಲೆಂಡರ್ ಸುರುಳಿಗಳು ಸೌದೆಯ ಹಾಗೆ ಒಟ್ಟಿರುತ್ತವೆ. ಸಾಮಾನು ಕೊಂಡವರಿಗೆಲ್ಲ ಒಂದೊಂದು ಫ್ರೀ. ಮೇಲೆ ಲಕ್ಷ್ಮಿಯೋ ಗಣಪತಿಯೋ, ಕೆಳಗೆ ತಿಥಿ, ನಕ್ಷತ್ರ, ರಾಹುಕಾಲ, ಅದರ ಕೆಳಗೆ ಅಂಗಡಿಯ ಫೋನ್ ನಂಬರು. ನ್ಯೂಯಾರ್ಕಿನ ಬೆಲ್‌ರೋಸಿನಲ್ಲಿ ನಮ್ಮ ಮನೆ ಹತ್ತಿರದ ಹಿಲ್‌ಸೈಡ್ ಅವೆನ್ಯೂ ಅಂಗಡಿಯವನಿಗೆ ನನ್ನ ವಿಷಯ ಗೊತ್ತು, ನನ್ನ ಚೀಲಕ್ಕೆ ಅದನ್ನು ತುರುಕುವುದಿಲ್ಲ. ಆದರೆ ಕಳೆದ ಭಾನುವಾರ ಗೆಳತಿಯ ಮನೆ ಊಟಕ್ಕೆಂದು ನ್ಯೂಜೆರ್ಸಿಗೆ ಹೋದವಳು, ವಾಪಸ್ ಬರುವಾಗ ಕರಿಬೇವು ಬೇಕೆಂದು ಕೆಂಡಲ್ ಪಾರ್ಕ್ ಎಂಬ ಊರಿನ ಅಂಗಡಿಯೊಂದರ ಮುಂದೆ ಕಾರು ನಿಲ್ಲಿಸಿದೆ. ಒಳಗೆ ಕಾಲಿಟ್ಟ ಕೂಡಲೇ ಆ ಅಗ್ಗದ ಇಂಕಿನ, ಹೊಳಪು ಕಾಗದದ ವಾಸನೆ ಮೂಗಿಗೆ ಹೊಡೆದು ಹಳೆಯ ಸಿಟ್ಟು ಎದ್ದು ಕೂತಿತು. ಅಂಗಡಿಯಲ್ಲಿ ಯಾರು ಸಿಕ್ಕರು ಎನ್ನುವುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಆ ಚಳಿಗಾಲದ ಮಾತು.

ಕೋವಿಡ್ ಮುಗಿದು ಜನ ಮಾಸ್ಕ್ ಬಿಸಾಕಿದ ಮೇಲಿನ ಮೊದಲ ಚಳಿಗಾಲ ಅದು. ನಾನು ನ್ಯೂಜೆರ್ಸಿಯ ಒಂದು ಯೂನಿವರ್ಸಿಟಿಯಲ್ಲಿ ಪಿಎಚ್‌ಡಿಯ ನಾಲ್ಕನೆಯ ವರ್ಷದಲ್ಲಿದ್ದೆ. ನನ್ನ ಹೆಸರು ರೀಟಾ ಚೌರಪ್ಪ. ಹೆಸರು ಕೇಳಿದ ಕೂಡಲೇ ಇಲ್ಲಿನ ಕನ್ನಡದವರು "ಯಾವ ಕಡೆಯವರಮ್ಮ ನೀವು" ಎನ್ನುತ್ತಾರೆ. ಮೈಸೂರಿನವರು, ಕ್ರೈಸ್ತರು ಎಂದರೆ "ಓ, ಆದ್ರೂ ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಾ" ಎಂದು ಮೆಚ್ಚಿಕೊಳ್ಳುತ್ತಾರೆ. ತಲೆತಲಾಂತರದಿಂದ ಮನೆಯಲ್ಲಿ ಕನ್ನಡವೇ ಆಡುತ್ತ ಬಂದ ನಾನು ಇನ್ನು ಹೇಗೆ ಮಾತಾಡಬೇಕಿತ್ತೋ ತಿಳಿಯದು. ಲ್ಯಾಟಿನ್ ಕಲಿಸಿದ್ದು ನಮ್ಮ ದೊಡ್ಡಪ್ಪ. ಅವರು ಪಾದ್ರಿಗಳಾಗಿದ್ದರು. ರಜೆಯಲ್ಲಿ ಬೇರೆ ಮಕ್ಕಳು ಕ್ರಿಕೆಟ್ ಆಡುವಾಗ ನನ್ನನ್ನು ಚರ್ಚಿನ ಹಿಂದಿನ ಕೋಣೆಯಲ್ಲಿ ಕೂರಿಸಿ ಕ್ರಿಯಾಪದ ಉರು ಹೊಡೆಸುತ್ತಿದ್ದರು. ಆ ಲ್ಯಾಟಿನ್ನೇ ನನ್ನನ್ನು ಈ ದೇಶಕ್ಕೆ ತಂದಿತು, ಅದೇ ಶ್ರೀಪತಿಯವರ ಕೈಗೂ ಸಿಕ್ಕಿಸಿತು.

ಪ್ರೊಫೆಸರ್ ಶ್ರೀಪತಿ ನನ್ನ ಗೈಡ್. ಸುತ್ತಮುತ್ತಲ ಕನ್ನಡದವರಿಗೆಲ್ಲ ಶ್ರೀಪತಿ ಅಂಕಲ್. ಸಾಫ್ಟ್‌ವೇರಿನವರು, ಡಾಕ್ಟರುಗಳು ತುಂಬಿದ ಗುಂಪಿನಲ್ಲಿ ಐನೂರು ವರ್ಷದ ಹಿಂದಿನ ಯುರೋಪಿನ ಮಾಟದ ಪುಸ್ತಕಗಳನ್ನು ಓದುವ ಮೈಸೂರಿನ ಮನುಷ್ಯ ಎಂದರೆ ಯಾರಿಗಾದರೂ ಬೆರಗೇ. ಜನ ಅವರ ಕಾಲಿಗೆ ಬೀಳುವುದೊಂದು ಬಾಕಿ. ಡಿಪಾರ್ಟ್‌ಮೆಂಟಿನಲ್ಲಿ ಅವರು ನನ್ನ ಜೊತೆ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಕೆಲಸ ಪುಕ್ಕಟೆಯಾಗಿ ಆಗಬೇಕಾದಾಗ ಮಾತ್ರ ಫೋನಿನಲ್ಲಿ ಕನ್ನಡ ಬರುತ್ತಿತ್ತು. "ರೀಟಮ್ಮಾ, ಭಾನುವಾರ ನಿಮ್ಮ ಚರ್ಚ್ ಮುಗಿಸ್ಕೊಂಡು ಊಟಕ್ಕೆ ಬಂದ್ಬಿಡಮ್ಮ. ಆಂಟಿ ಬಿಸಿಬೇಳೆ ಭಾತ್ ಮಾಡಿರ್ತಾಳೆ. ಹಾಗೇ ಲ್ಯಾಪ್‌ಟಾಪೂ ತಂದಿರು." ಬಿಸಿಬೇಳೆ ಭಾತ್ ಚೆನ್ನಾಗಿಯೇ ಇರುತ್ತಿತ್ತು. ಆದರೆ ಒಂದು ತಟ್ಟೆಗೆ ಅರ್ಧ ದಿನದ ಕೂಲಿ ಎನ್ನುವುದು ನನಗೆ ಬಹಳ ತಡವಾಗಿ ಹೊಳೆಯಿತು.

ಆ ಕೂಲಿ ಎಂಥದ್ದೆಂದು ಹೇಳುತ್ತೇನೆ. ಹಳೆಯ ಪುಸ್ತಕದ ಬೇರೆಬೇರೆ ಪ್ರತಿಗಳನ್ನು ಹೋಲಿಸಲು ಇಬ್ಬರು ಬೇಕು. ಒಬ್ಬರು ಒಂದು ಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಇನ್ನೊಂದರ ಮೇಲೆ ಬೆರಳಿಟ್ಟು ಕೂತು ವ್ಯತ್ಯಾಸ ಬಂದಲ್ಲಿ ತಡೆದು ಬರೆದುಕೊಳ್ಳಬೇಕು. ಶ್ರೀಪತಿ ಅಂಕಲ್ ಡೈನಿಂಗ್ ಟೇಬಲ್ಲಿನ ತುದಿಯಲ್ಲಿ ಕೂತು ಲ್ಯಾಟಿನ್ನನ್ನು ಸಂಧ್ಯಾವಂದನೆಯ ರಾಗದಲ್ಲಿ ಓದುತ್ತಿದ್ದರು. ಎರಡು ಪುಟ ಆಗುವಷ್ಟರಲ್ಲಿ ಬಿಸಿಬೇಳೆ ಭಾತಿನ ಅಮಲು ಏರಿ ತೂಕಡಿಸುತ್ತಿದ್ದರು. ಆಮೇಲೆ ಓದುವವಳೂ ನಾನೇ, ಬರೆಯುವವಳೂ ನಾನೇ. ಎದ್ದ ಮೇಲೆ "ಎಷ್ಟು ಮುಗಿಸಿದ್ವಿ?" ಎಂದು ಕೇಳುತ್ತಿದ್ದರು. ಆ ಬಹುವಚನ ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ಪುಸ್ತಕದ ಕಥೆ ಹೇಳದಿದ್ದರೆ ಜಗಳ ಅರ್ಥವಾಗುವುದಿಲ್ಲ. ಯುರೋಪಿನ ಉತ್ತರದ ಒಂದು ಬಂದರು ಊರಿನಲ್ಲಿ ಒಬ್ಬ ವೈದ್ಯನಿದ್ದ. ಗ್ರಹಗಳಿಗೂ ಗಿಡಮೂಲಿಕೆಗೂ ಹರಳಿಗೂ ಏನು ನಂಟು ಎಂದು ಒಂದು ಪುಸ್ತಕ ಬರೆದ. ಮಾಟದ ಪುಸ್ತಕ ಎಂದರೆ ತಲೆಬುರುಡೆ, ನಿಂಬೆಹಣ್ಣು ಎಂದು ಕಲ್ಪಿಸಿಕೊಳ್ಳಬೇಡಿ. ಇದು ಓದಿದವರ ಮಾಟ, ಗಂಭೀರವಾಗಿ ಬರೆದದ್ದು. ವೈದ್ಯ ಸತ್ತ ಎಷ್ಟೋ ವರ್ಷದ ಮೇಲೆ ಬೇರೆ ಊರಿನ ಅಚ್ಚುಕೂಟದವನೊಬ್ಬ ಅದನ್ನು ಮತ್ತೆ ತಂದ. ಎರಡನೆಯ ಭಾಗವೂ ಸಿಕ್ಕಿದೆ ಎಂದು ಹೇಳಿ ಸೇರಿಸಿದ. ಅದರಲ್ಲಿ ಉಂಗುರ ಎರಕ ಹೊಯ್ಯುವುದು, ಯಾವ ಹೊತ್ತಿನಲ್ಲಿ ಯಾವ ಗ್ರಹದ ಮುದ್ರೆ ಕೊರೆಯಬೇಕು, ಭೂತಗಳನ್ನು ಹೇಗೆ ಕರೆಯಬೇಕು ಎಲ್ಲವೂ ಇತ್ತು. ಜನ ಮುಗಿಬಿದ್ದು ಕೊಂಡದ್ದು ಈ ಭಾಗವನ್ನೇ. ಆಗ ವೈದ್ಯನ ಶಿಷ್ಯನೊಬ್ಬ ತನ್ನ ಬೇರೊಂದು ಪುಸ್ತಕದ ಮುನ್ನುಡಿಯಲ್ಲಿ ಸಿಟ್ಟಿನಿಂದ ಬರೆದ: ನಾನು ಗುರುವಿನ ಮನೆಯಲ್ಲೇ ಇದ್ದವನು, ಎರಡನೆಯ ಭಾಗ ಅವರದಲ್ಲ, ಯಾರೋ ಬರೆದು ಅವರ ತಲೆಗೆ ಕಟ್ಟಿದ್ದಾರೆ. ನಮ್ಮ ಹಳೆಯ ಕಾವ್ಯಗಳಲ್ಲಿ ಆಮೇಲೆ ಯಾರೋ ಹೊಸೆದು ಸೇರಿಸಿದ ಪದ್ಯಕ್ಕೆ ಪ್ರಕ್ಷಿಪ್ತ ಎನ್ನುತ್ತೇವಲ್ಲ, ಶಿಷ್ಯನ ಪ್ರಕಾರ ಆ ಅರ್ಧ ಪುಸ್ತಕವೇ ಪ್ರಕ್ಷಿಪ್ತ.

ಅಂದಿನಿಂದ ಇಂದಿನವರೆಗೆ ವಿದ್ವಾಂಸರು ಎರಡು ಪಂಗಡವಾಗಿ ಕಿತ್ತಾಡುತ್ತಿದ್ದಾರೆ. ಶ್ರೀಪತಿ ಅಂಕಲ್ ಹೆಸರು ಮಾಡಿದ್ದೇ ಶಿಷ್ಯ ಸುಳ್ಳ ಎಂದು ವಾದಿಸಿ. ಚರ್ಚಿನವರ ಭಯಕ್ಕೆ ಗುರುವಿನ ಪುಸ್ತಕವನ್ನು ಅಲ್ಲಗಳೆದ ಹೇಡಿ ಎಂದು ಆ ಬಡಪಾಯಿಯನ್ನು ಲೇಖನದ ಮೇಲೆ ಲೇಖನ ಬರೆದು ಜಾಡಿಸಿದ್ದರು. "ಮನೇಲಿ ಇದ್ದ ಮಾತ್ರಕ್ಕೆ ಎಲ್ಲಾ ಗೊತ್ತಿರುತ್ತಾ?" ಎನ್ನುವುದು ಅವರ ಮೆಚ್ಚಿನ ಮಾತು. ಈಗ ಎರಡೂ ಭಾಗ ಸೇರಿಸಿ, ಎಲ್ಲ ಪ್ರತಿಗಳನ್ನೂ ನೋಡಿ, ವೈದ್ಯನ ಹೆಸರಿನಲ್ಲೇ ಒಂದು ಪರಿಷ್ಕೃತ ಆವೃತ್ತಿ ತರುವುದು ಅವರ ನಿವೃತ್ತಿಗೆ ಮುಂಚಿನ ದೊಡ್ಡ ಕೆಲಸ. ಆ ದೊಡ್ಡ ಕೆಲಸದ ಕೂಲಿಯಾಳು ನಾನು. ನನ್ನ ಹೆಸರು ಎಲ್ಲಿ ಬರುತ್ತದೆ ಎಂದು ಒಮ್ಮೆ ಕೇಳಿದ್ದೆ. "ನೀನು ಮನೆ ಮಗಳಲ್ವೇನಮ್ಮ" ಎಂದಿದ್ದರು. ಅದು ಉತ್ತರವಲ್ಲ ಎಂದು ಗೊತ್ತಾದರೂ ಮುಂದಿನ ಪುಟಕ್ಕೆ ಕೈಹಾಕಿದೆ.

ಡಿಸೆಂಬರಿನ ಆ ಭಾನುವಾರ ಹಿಂದಿನ ದಿನದ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ಡ್ರೈವ್‌ವೇ ಗಾಜಾಗಿತ್ತು. ನಾಲ್ಕೂವರೆಗೆಲ್ಲ ಕತ್ತಲು. ಬಸ್ಸಿಗೆ ಹೊತ್ತಾಯಿತೆಂದು ನಾನು ಕೋಟು ಹಾಕಿಕೊಂಡು ಬಾಗಿಲ ಬಳಿ ಬೂಟಿನ ಜಿಪ್ ಎಳೆಯುತ್ತಿದ್ದೆ. ಅಂಕಲ್ ಮಹಡಿಯಲ್ಲಿ ಮಲಗಿದ್ದರು. ಅವರ ಹೆಂಡತಿ ವತ್ಸಲಾ ಆಂಟಿ ಅಡುಗೆಮನೆಯಿಂದ ಓಡಿ ಬಂದರು.

"ಏ ರೀಟಾ, ನಿಲ್ಲು ನಿಲ್ಲು. ಈಗ ರಾಹುಕಾಲ. ಆರು ಗಂಟೆ ಆಗ್ಲಿ, ಆಮೇಲೆ ಹೊರಡು."

"ಆಂಟಿ, ಬಸ್ ಮಿಸ್ ಆಗುತ್ತೆ."

"ಇನ್ನೊಂದು ಬರುತ್ತೆ ಬಿಡು. ಐಸ್ ಬೇರೆ ಇದೆ ಹೊರಗೆ. ನಿಮ್ಮಲ್ಲಿ ಇದೆಲ್ಲ ನೋಡಲ್ಲ, ಗೊತ್ತು. ಆದ್ರೆ ಹೊರಡ್ತಿರೋದು ನಮ್ಮನೆಯಿಂದ ಅಲ್ವಾ."

ಫ್ರಿಜ್ಜಿನ ಪಕ್ಕದ ಗೋಡೆಯಲ್ಲಿ ಕ್ಯಾಲೆಂಡರ್ ಇತ್ತು. ಭಾನುವಾರದ ಸಾಲಿನಲ್ಲಿ ರಾಹುಕಾಲ ನಾಲ್ಕೂವರೆಯಿಂದ ಆರು ಎಂದು ಅಚ್ಚಾಗಿತ್ತು. ಬುಡದಲ್ಲಿ ಚಿಕ್ಕ ಅಕ್ಷರದಲ್ಲಿ ಸೂರ್ಯೋದಯ, ಸೂರ್ಯಾಸ್ತ ಬೆಂಗಳೂರಿಗೆ ಅನ್ವಯ ಎಂದಿತ್ತು. ನನಗೆ ಸಿಟ್ಟೂ ಬಂತು, ಕುತೂಹಲವೂ ಬಂತು.

"ಆಂಟಿ, ಈ ರಾಹುಕಾಲ ಲೆಕ್ಕ ಹಾಕೋದು ಹೇಗೆ?"

"ಸೂರ್ಯ ಹುಟ್ಟಿದಾಗಿಂದ ಮುಳುಗೋವರೆಗೆ ಎಂಟು ಭಾಗ ಮಾಡ್ಬೇಕಂತೆ. ಭಾನುವಾರ ಕೊನೇ ಭಾಗ. ನಮ್ಮಪ್ಪ ಹೇಳೋರು."

"ಹಾಗಾದ್ರೆ ಸೂರ್ಯ ಮುಳುಗಿದ ಮೇಲೆ ಭಾನುವಾರದ ರಾಹುಕಾಲ ಇರಕ್ಕೇ ಸಾಧ್ಯ ಇಲ್ಲ ಅಲ್ವಾ? ಸ್ವಲ್ಪ ಹೊರಗೆ ನೋಡಿ. ಇಲ್ಲಿ ಮುಗಿದುಹೋಗಿದೆ. ಇದು ಬೆಂಗಳೂರಿನ ಟೈಮು."

ಆಂಟಿ ಕಿಟಕಿಯ ಕಡೆ ನೋಡಿದರು. ಹೊರಗೆ ಕಗ್ಗತ್ತಲು, ಎದುರು ಮನೆಯವರ ಕ್ರಿಸ್ಮಸ್ ದೀಪ. ಆಮೇಲೆ ಕ್ಯಾಲೆಂಡರ್ ನೋಡಿದರು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಅಯ್ಯೋ ರಾಮ, ಇಷ್ಟು ವರ್ಷ ಇಲ್ಲಿ ಕೂತ್ಕೊಂಡು ಬೆಂಗಳೂರಿನ ರಾಹುಗೆ ಹೆದರಿಕೊಂಡಿದ್ನಾ?" ಅಷ್ಟೆಲ್ಲ ನಕ್ಕ ಮೇಲೂ ನನ್ನನ್ನು ಬಿಡಲಿಲ್ಲ. "ಆದ್ರೂ ಆರು ಆಗ್ಲಿ. ಕಾಫಿ ಮಾಡ್ತೀನಿ."

ಆ ಕಾಫಿ ಕುಡಿಯುತ್ತ ಕೂತಾಗಲೇ ನನಗೆ ಹೊಳೆದದ್ದು. ಪುಸ್ತಕದ ಮೊದಲ ಭಾಗದಲ್ಲಿ ವೈದ್ಯನೂ ಇದನ್ನೇ ಹೇಳುತ್ತಾನೆ: ಹಗಲನ್ನು ಹನ್ನೆರಡು ಪಾಲು ಮಾಡು, ಬೇಸಿಗೆಯಲ್ಲಿ ಪಾಲು ದೊಡ್ಡದು, ಚಳಿಗಾಲದಲ್ಲಿ ಚಿಕ್ಕದು. ತನ್ನ ಊರಿನ ಚಳಿಗಾಲದ ಪಾಲು ಎಷ್ಟು ಚಿಕ್ಕದೆಂದರೆ ಬರೆದ ಇಂಕು ಆರುವುದರೊಳಗೆ ಮುಗಿಯುತ್ತದೆ ಎಂದು ಗೊಣಗಿಯೂ ಇದ್ದಾನೆ. ಕಿಟಕಿಯಾಚೆ ನೋಡಿ ಬರೆದವನು ಅವನು. ಎರಡನೆಯ ಭಾಗದಲ್ಲಿ ಅದಕ್ಕೊಂದು ಪಟ್ಟಿ ಇದೆ, ಯಾವ ತಿಂಗಳಲ್ಲಿ ಹಗಲು ಎಷ್ಟು ಉದ್ದ, ಯಾವ ಪಾಲು ಗಡಿಯಾರದ ಎಷ್ಟು ಗಂಟೆಗೆ ಎಂದು. ನಡು ಚಳಿಗಾಲದ ಭಾನುವಾರ ಹಗಲಿನ ಕೊನೆಯ ಪಾಲಿನಲ್ಲಿ ಸೂರ್ಯನಿಗೆ ಮುಖಮಾಡಿ ಮುದ್ರೆ ಕೊರೆಯಬೇಕು. ಅತ್ಯಂತ ಹಳೆಯ ಹಸ್ತಪ್ರತಿಯ ಪಟ್ಟಿ ಕೊಡುವ ಹೊತ್ತಿಗೆ ವೈದ್ಯನ ಊರಿನಲ್ಲಿ ಸೂರ್ಯನೇ ಇರುವುದಿಲ್ಲ, ಆಗಲೇ ಮುಳುಗಿರುತ್ತಾನೆ. ಅದು ದಕ್ಷಿಣದ ಯಾವುದೋ ಊರಿನ ಹಗಲು. ಫ್ರಿಜ್ಜಿನ ಪಕ್ಕದ ಕ್ಯಾಲೆಂಡರ್ ಇದ್ದಂತೆ, ಯಾರೋ ದಕ್ಷಿಣದ ಪಟ್ಟಿಯನ್ನು ತಂದು ಉತ್ತರದ ಗೋಡೆಗೆ ನೇತುಹಾಕಿದ್ದರು.

ಆ ಹಳೆಯ ಪ್ರತಿ ಇದ್ದದ್ದು ನ್ಯೂಯಾರ್ಕಿನ ಒಂದು ಲೈಬ್ರರಿಯಲ್ಲಿ. ಅಚ್ಚಾದ ಪುಸ್ತಕಗಳಲ್ಲಿ ಅಂಕಿಗಳು ಉತ್ತರಕ್ಕೆ ಸರಿಹೊಂದುವಂತೆ ಇದ್ದವು. ಹಾಗಾಗಿ ಹಳೆಯ ಪ್ರತಿಯ ಅಂಕಿಗಳನ್ನು ನಕಲು ಮಾಡಿದವನ ಕೈತಪ್ಪು ಎಂದು ಶ್ರೀಪತಿ ಅಂಕಲ್ ಅಡಿಟಿಪ್ಪಣಿಗೆ ತಳ್ಳಿದ್ದರು. ರಜೆಯ ಮುಂಚಿನ ವಾರ ನಾನು ದಿನಾ ಬಸ್ಸಿನಲ್ಲಿ ನ್ಯೂಯಾರ್ಕಿಗೆ ಕಮ್ಯೂಟ್ ಮಾಡಿದೆ. ಲೈಬ್ರರಿಯಲ್ಲಿ ಕೋಟು ಬಿಚ್ಚಿಸಿ, ಪೆನ್ನು ಕಿತ್ತುಕೊಂಡು, ಪೆನ್ಸಿಲ್ ಕೊಟ್ಟು ಕೂರಿಸುತ್ತಿದ್ದರು. ಹನ್ನೆರಡು ತಿಂಗಳ ಅಂಕಿಗಳನ್ನೂ ಲೆಕ್ಕ ಹಾಕಿದೆ. ಎಲ್ಲವೂ ಒಂದೇ ದಕ್ಷಿಣದ ಊರಿಗೆ ಹೊಂದಿದವು, ಒಂದೂ ಆಚೀಚೆ ಇಲ್ಲ. ಕೈತಪ್ಪು ಹನ್ನೆರಡು ಸಲವೂ ಒಂದೇ ಊರಿಗೆ ಹೊಂದುವುದಿಲ್ಲ. ಪಟ್ಟಿ ಹುಟ್ಟಿದ್ದೇ ದಕ್ಷಿಣದಲ್ಲಿ, ಆಮೇಲೆ ಅಚ್ಚು ಹಾಕಿದವರು ವೈದ್ಯನ ಹೆಸರಿಗೆ ಒಪ್ಪಲಿ ಎಂದು ತಿದ್ದಿದ್ದರು. ಶಿಷ್ಯ ಹೇಳಿದ್ದು ನಿಜವಾಗಿತ್ತು. ಪೋರ್ಟ್ ಅಥಾರಿಟಿ ಬಸ್ ನಿಲ್ದಾಣದಲ್ಲಿ ಕಾಯುತ್ತ ನಿಂತಾಗ ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ಆ ವಿದ್ಯೆಯಲ್ಲಿ ಅಂಥ ಖುಷಿ ನನಗೆ ಸಿಕ್ಕಿದ್ದು ಅದೊಂದೇ ಸಲ.

ರಜೆ ಮುಗಿದ ಮೇಲೆ ಅವರ ಆಫೀಸಿಗೆ ಹೋಗಿ ಎಲ್ಲ ಹೇಳಿದೆ, ಕ್ಯಾಲೆಂಡರಿನ ವಿಷಯವನ್ನೂ ಹೇಳಿದೆ. ಶ್ರೀಪತಿ ಅಂಕಲ್ ಕಿತ್ತಳೆ ಸುಲಿಯುತ್ತಿದ್ದರು. ಸಿಪ್ಪೆಯನ್ನು ನೀಟಾಗಿ ಟಿಶ್ಯೂ ಮೇಲೆ ಜೋಡಿಸಿದರು.

"ರೀಟಾ, ಲೆಟ್ ಮಿ ಬಿ ವೆರಿ ಕ್ಲಿಯರ್," ಎಂದರು. ಆಮೇಲೆ ಅವರಿಗೇ ಇಂಗ್ಲಿಷ್ ಸಾಲಲಿಲ್ಲ. "ನಮ್ಮನೆ ಅಡುಗೆಮನೆ ಗೋಡೆ ನೋಡ್ಕೊಂಡು ನಂಗೆ ಪಾಠ ಹೇಳಕ್ಕೆ ಬರ್ತೀಯಾ? ನಾನು ಈ ಪುಸ್ತಕ ಓದೋಕೆ ಶುರು ಮಾಡ್ದಾಗ ನೀನು ಹುಟ್ಟೇ ಇರ್ಲಿಲ್ಲ."

"ಅಂಕಿ ನೋಡಿ ಅಂಕಲ್."

"ಪ್ರೊಫೆಸರ್ ಅನ್ನು. ಇದು ಡಿಪಾರ್ಟ್‌ಮೆಂಟು."

ಅಂಕಿ ನೋಡಲಿಲ್ಲ. ಸಾಲದ್ದಕ್ಕೆ ಸಂಕ್ರಾಂತಿಗೆ ಒಂದು ಹೈಸ್ಕೂಲಿನ ಜಿಮ್ಮಿನಲ್ಲಿ ಕನ್ನಡದವರೆಲ್ಲ ಸೇರಿದ್ದಾಗ ಮೈಕ್ ಹಿಡಿದು ಉಪ್ಪು ಖಾರ ಹಚ್ಚಿ ಹೇಳಿದರು: "ನಮ್ಮ ರೀಟಾ ಈಗ ಪಂಚಾಂಗ ನೋಡಿ ಪಿಎಚ್‌ಡಿ ಮಾಡ್ತಿದ್ದಾಳೆ. ಚರ್ಚಿಗೂ ರಾಹುಕಾಲ ನೋಡ್ಕೊಂಡೇ ಹೋಗ್ತಾಳೇನೋ ಗೊತ್ತಿಲ್ಲ." ಜಿಮ್ಮಿಗೆ ಜಿಮ್ಮೇ ನಕ್ಕಿತು. ವತ್ಸಲಾ ಆಂಟಿಯೂ ನಕ್ಕರು. ನಾನು ಎಳ್ಳು ಬೆಲ್ಲದ ಪೊಟ್ಟಣ ಹಿಡಿದುಕೊಂಡು ಒಳ್ಳೆಯ ಮಾತಾಡು ಎನ್ನುವ ಹಬ್ಬದಲ್ಲಿ ಮನಸ್ಸಿನೊಳಗೇ ಅವರಿಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಇವತ್ತಿಗೂ ಅದರಲ್ಲಿ ಒಂದು ಮಾತನ್ನೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಫೆಬ್ರವರಿಯಲ್ಲಿ ಗಾಳಿ ತಿರುಗಿತು. ರಸ್ತೆಯ ಅಂಚಿನ ಹಿಮವೆಲ್ಲ ಹೊಗೆ ಹಿಡಿದು ಕಪ್ಪಾಗಿದ್ದ ದಿನ ಊಟಕ್ಕೆ ಕರೆದರು. ಆಂಟಿ ಒಬ್ಬಟ್ಟು ಮಾಡಿದ್ದರು. ಹಬ್ಬ ಯಾವುದೂ ಇರಲಿಲ್ಲ. ಊಟವಾದ ಮೇಲೆ ಅಂಕಲ್ ಪ್ರಕಾಶಕರಿಂದ ಬಂದ ಪ್ರೂಫ್ ಪುಟಗಳನ್ನು ನನ್ನ ಮುಂದಿಟ್ಟರು. ಪೀಠಿಕೆಯ ಕೆಳಗೆ ಎರಡು ಹೆಸರು. ಒಂದು ಅವರದು, ಇನ್ನೊಂದು ನನ್ನದು.

"ಈಗ ಸಮಾಧಾನ ಆಯ್ತಾ? ಮನೆ ಮಗಳು ಅಂದ್ರೆ ಬರೀ ಬಾಯಿ ಮಾತಲ್ಲ."

ಸುಳ್ಳೇಕೆ ಹೇಳಲಿ, ಒಂದು ಕ್ಷಣ ಎದೆ ಉಬ್ಬಿತು. ಸಂಕ್ರಾಂತಿಯ ಅವಮಾನವೂ ಮರೆತುಹೋಯಿತು. ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ. ಬಸ್ಸಿನಲ್ಲಿ ಕೂತು ಪೀಠಿಕೆ ಓದಿದೆ. ಎರಡನೆಯ ಭಾಗವೂ ವೈದ್ಯನದೇ, ಅನುಮಾನಕ್ಕೆ ಎಡೆಯಿಲ್ಲ ಎಂದಿತ್ತು. ಅದು ಅವರ ಹಳೆಯ ರಾಗ. ಮುಂದಿನ ಪುಟದಲ್ಲಿತ್ತು ಹೊಸದು: ಹಗಲಿನ ಪಟ್ಟಿಯನ್ನು ರೀಟಾ ಚೌರಪ್ಪ ಕೂಲಂಕಷವಾಗಿ ಪರಿಶೀಲಿಸಿ ಅದು ವೈದ್ಯನ ಊರಿಗೆ ಹೊಂದುತ್ತದೆ ಎಂದು ಖಚಿತಪಡಿಸಿದ್ದಾರೆ.

ಆ ಸಾಲನ್ನು ಮೂರು ಸಲ ಓದಿದೆ. ಮನೆಗೆ ಹೋಗಿ ಇಂಟರ್ನೆಟ್ಟಿನಲ್ಲಿ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಬೇಸಿಗೆಗೆ ಯುರೋಪಿನಲ್ಲಿ ನಡೆಯುವ ಒಂದು ಸಮ್ಮೇಳನದಲ್ಲಿ ಯಾರೋ ಅದೇ ಪಟ್ಟಿಯ ಬಗ್ಗೆ ಮಾತಾಡುವವರಿದ್ದರು. ಶ್ರೀಪತಿ ಅಂಕಲ್‌ಗೆ ವಿಷಯ ಮೊದಲೇ ಮುಟ್ಟಿತ್ತು. ನಾಳೆ ಪಟ್ಟಿ ಬಿದ್ದರೆ ಅದರ ಕೆಳಗೆ ಸಿಕ್ಕಿಕೊಳ್ಳಲು ಒಬ್ಬರು ಬೇಕಿತ್ತು. ಬರೆಯದ ಪುಸ್ತಕವನ್ನು ವೈದ್ಯನ ತಲೆಗೆ ಕಟ್ಟಿದ ಹಾಗೆ ಹೇಳದ ಮಾತನ್ನು ನನ್ನ ತಲೆಗೆ ಕಟ್ಟಿದ್ದರು.

ಮರುದಿನ ಅವರನ್ನು ಅವರದೇ ಕಾರಿನಲ್ಲಿ ನಾನು ನ್ಯೂಯಾರ್ಕಿನ ಲೈಬ್ರರಿಗೆ ಕರೆದೊಯ್ಯಬೇಕಿತ್ತು. ಅವರಿಗೆ ಹಿಮದಲ್ಲಿ ಕಾರು ಓಡಿಸಲು ಭಯ, ಅದಕ್ಕೂ ಮನೆ ಮಗಳೇ ಆಗಬೇಕು. ರೂಟ್ ಒನ್ನಿನಲ್ಲಿ ಟ್ರಕ್ಕೊಂದು ಅಡ್ಡ ನಿಂತು ಟ್ರಾಫಿಕ್ ಕದಲದೆ ಕೂತಿತ್ತು. ವೈಪರ್ ಕೆಸರುನೀರನ್ನು ಅತ್ತಿತ್ತ ಬಳಿಯುತ್ತಿತ್ತು.

"ಪೀಠಿಕೆಯಿಂದ ನನ್ನ ಹೆಸರು ತೆಗೀರಿ ಅಂಕಲ್," ಎಂದೆ.

ಅವರು ತಿರುಗಿ ನೋಡಿದರು. "ಎಲ್ರೂ ಹೆಸರು ಹಾಕಿ ಅಂತ ಕಾಲು ಹಿಡೀತಾರೆ. ನೀನು ತೆಗೀರಿ ಅಂತೀಯಲ್ಲ."

"ಪಟ್ಟಿ ಸರಿ ಇದೆ ಅಂತ ನಾನು ಹೇಳೇ ಇಲ್ಲ. ತಪ್ಪು ಅಂತ ಹೇಳಿದ್ದು."

"ಅಚ್ಚಾದ ಪಟ್ಟಿ ಸರಿಯಾಗೇ ಇದೆಯಲ್ಲ. ನೀನೇ ಅಲ್ವಾ ಹೋಲಿಸಿದ್ದು?"

"ಅದು ತಿದ್ದಿದ್ದು ಅಂತ ನಿಮಗೂ ಗೊತ್ತು."

ಅವರು ಗ್ಲೌಸನ್ನು ಬೆರಳು ಬೆರಳಾಗಿ ಕಳಚಿದರು. ದನಿ ಮಾತ್ರ ಬೆಣ್ಣೆ. "ನೋಡಮ್ಮ ರೀಟಾ. ಮುಂದಿನ ತಿಂಗಳು ನಿನ್ನ ಫಂಡಿಂಗ್ ರಿನ್ಯೂ ಆಗ್ಬೇಕು. ಅದಕ್ಕೆ ಸೈನ್ ಹಾಕೋನು ನಾನು. ಫಂಡಿಂಗ್ ಇಲ್ದಿದ್ರೆ ವೀಸಾ ಏನಾಗುತ್ತೆ ಅಂತ ನಾನು ಹೇಳ್ಬೇಕಾಗಿಲ್ಲ. ಹೆದರಿಸ್ತಿಲ್ಲ, ಮಗಳ ಥರ ಅಂತ ಹೇಳ್ತಿದೀನಿ."

ಮುಂದಿನ ಸಾಲು ಕದಲಿದ ಕೂಡಲೇ ಕಾರನ್ನು ಜೋರಾಗಿ ಮುಂದಕ್ಕೆ ಬಿಟ್ಟೆ. ಭಯಕ್ಕೂ ಹೌದು, ಅಸಹ್ಯಕ್ಕೂ ಹೌದು. ಅವರನ್ನು ಲೈಬ್ರರಿಯ ಮುಂದೆ ಇಳಿಸಿ, ಕಾರನ್ನು ಗರಾಜಿಗೆ ಹಾಕಿ, ಅಲ್ಲೇ ಕೂತು ಫೋನಿನಲ್ಲೇ ಪ್ರಕಾಶಕರಿಗೆ ಈಮೇಲ್ ಬರೆದೆ. ಈ ಪೀಠಿಕೆಯಿಂದಲೂ ಈ ಪುಸ್ತಕದಿಂದಲೂ ನನ್ನ ಹೆಸರನ್ನು ಪೂರ್ತಿ ತೆಗೆಯಿರಿ, ಇದರಲ್ಲಿ ಬರುವ ಯಾವ ವಾದಕ್ಕೂ ನನಗೂ ಸಂಬಂಧವಿಲ್ಲ, ಮುಂದೆಯೂ ಎಲ್ಲಿಯೂ ನನ್ನ ಹೆಸರು ಬರಕೂಡದು. ಮೂರೇ ಸಾಲು. ಅವರಿಗೂ ಒಂದು ಕಾಪಿ ಕಳಿಸಿದೆ. ಆ ಬಡಪಾಯಿ ಶಿಷ್ಯ ನೆನಪಾದ. ನಾನೂ ಅವನಂತೆ ನಿಜ ಹೇಳಿದೆ ಎಂದು ಬೀಗಿದೆ. ಎಂಥ ಪೆದ್ದಿ ನಾನು!

ಫಂಡಿಂಗ್ ಹೋಯಿತು. ಕಾರಣ ಕೇಳಿದರೆ ಪ್ರಗತಿ ತೃಪ್ತಿಕರವಾಗಿಲ್ಲ ಎಂದರು. ಮಾರ್ಚಿನಲ್ಲಿ ಹಿಮ ಕರಗಿ ಎಲ್ಲರೂ ಜಾಕೆಟ್ ಬಿಚ್ಚುವ ಹೊತ್ತಿಗೆ ನಾನು ಬೆಲ್‌ರೋಸಿನಲ್ಲಿ ಚಿಕ್ಕಮ್ಮನ ಮಗಳ ಮನೆಯ ಬೇಸ್‌ಮೆಂಟಿಗೆ ಸೂಟ್‌ಕೇಸ್ ಇಳಿಸಿದ್ದೆ. ಕನ್ನಡದವರ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು, ಶ್ರೀಪತಿ ಅಂಕಲ್ ಅಷ್ಟು ಮಾಡಿದರೂ ಆ ಹುಡುಗಿ ತಿಂದ ಮನೆಗೇ ಎರಡು ಬಗೆದಳಂತೆ ಎಂದು. ಒಬ್ಬರೂ ಫೋನ್ ಮಾಡಿ ನಿಜವಾ ಎಂದು ಕೇಳಲಿಲ್ಲ. ಪಿಎಚ್‌ಡಿ ಬಿಟ್ಟೆ. ಬೇರೆ ಕಾಲೇಜಿಗೆ ಟ್ರಾನ್ಸ್‌ಫರ್ ಮಾಡಿಕೊಂಡು ಲೈಬ್ರರಿ ಕೋರ್ಸ್ ಓದಿದೆ, ಅದಕ್ಕಾಗಿ ಊರಿನಲ್ಲಿ ಅಪ್ಪ ಸೈಟು ಮಾರಬೇಕಾಯಿತು. ಈಗ ಮ್ಯಾನ್‌ಹಟನ್ನಿನ ಒಂದು ಲೈಬ್ರರಿಯಲ್ಲಿ ಹೊಸದಾಗಿ ಬರುವ ಪುಸ್ತಕಗಳಿಗೆ ಕರ್ತೃ ಯಾರು, ಸಂಪಾದಕರು ಯಾರು ಎಂದು ನಮೂದಿಸುವುದು ನನ್ನ ಕೆಲಸ. ನಗಬೇಡಿ.

ಹೋದ ವರ್ಷ ಒಂದು ಬೆಳಿಗ್ಗೆ ಆ ಪುಸ್ತಕ ನನ್ನ ಮೇಜಿಗೇ ಬಂತು. ನೀಲಿ ರಟ್ಟು, ಒಳ್ಳೆಯ ಕಾಗದ. ಮುಖಪುಟದಲ್ಲೇ ನನಗೆ ಗಾಬರಿಯಾಯಿತು. ಮೊದಲ ಭಾಗಕ್ಕೆ ವೈದ್ಯನ ಹೆಸರು, ಎರಡನೆಯ ಭಾಗಕ್ಕೆ ಅಜ್ಞಾತ ಎಂದಿತ್ತು. ಪೀಠಿಕೆ ತೆರೆದೆ. ಶ್ರೀಪತಿಯವರು ತಮ್ಮ ಜೀವಮಾನದ ವಾದವನ್ನು ತಾವೇ ಧೈರ್ಯದಿಂದ ಕೈಬಿಟ್ಟಿದ್ದಾರಂತೆ. ಹಳೆಯ ಪ್ರತಿಯ ಹನ್ನೆರಡು ತಿಂಗಳ ಅಂಕಿಗಳು ಒಂದೇ ದಕ್ಷಿಣದ ಊರಿಗೆ ಹೊಂದುತ್ತವೆ ಎಂಬುದನ್ನು ಪತ್ತೆಹಚ್ಚಿದ್ದಾರಂತೆ. ಅದು ಅವರಿಗೆ ಹೊಳೆದದ್ದು ಚಳಿಗಾಲದ ಒಂದು ಸಂಜೆ, ತಮ್ಮ ಅಡುಗೆಮನೆಯ ಗೋಡೆಯ ಮೇಲಿನ ಬೆಂಗಳೂರು ಕ್ಯಾಲೆಂಡರ್ ನೋಡುತ್ತ ನಿಂತಾಗ. ಕಿಟಕಿಯಾಚೆಯ ಕತ್ತಲೂ ಇತ್ತು, ಎದುರು ಮನೆಯ ಕ್ರಿಸ್ಮಸ್ ದೀಪವೂ ಇತ್ತು. ಅವರು ಅವತ್ತು ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದರು.

ವಿಮರ್ಶೆಗಳಲ್ಲಿ ಎಲ್ಲರೂ ಆ ಅಡುಗೆಮನೆಯ ಪ್ಯಾರಾವನ್ನೇ ಎತ್ತಿ ಹಾಡಿಹೊಗಳಿದ್ದರು. ನಾನು ಪ್ರಕಾಶಕರಿಗೆ ಬರೆದೆ. ಇದು ನನ್ನ ಕೆಲಸ, ನನ್ನ ಲೆಕ್ಕ, ಬಾಗಿಲ ಬಳಿ ಬೂಟು ಹಾಕಿಕೊಳ್ಳುತ್ತಿದ್ದವಳು ನಾನು ಎಂದೆ. ಎರಡೇ ದಿನಕ್ಕೆ ಉತ್ತರ ಬಂತು. ಬಹಳ ವಿನಯದ ಉತ್ತರ. ನನ್ನ ಹಳೆಯ ಈಮೇಲನ್ನೇ ಕೆಳಗೆ ಅಂಟಿಸಿದ್ದರು. ನನ್ನ ಸ್ಪಷ್ಟ ಕೋರಿಕೆಯಂತೆ ನನ್ನ ಹೆಸರನ್ನು ಎಲ್ಲಿಯೂ ಬಳಸಿಲ್ಲ, ಪುಸ್ತಕದ ಯಾವ ವಾದಕ್ಕೂ ನನಗೂ ಸಂಬಂಧವಿಲ್ಲ ಎಂದು ನಾನೇ ತಿಳಿಸಿದ್ದೇನೆ. ನನ್ನನ್ನು ಪುಸ್ತಕದಿಂದ ಹೊರಗೆ ಹಾಕಲು ಶ್ರೀಪತಿ ಅಂಕಲ್ ಒಂದು ಅಕ್ಷರವನ್ನೂ ಬರೆಯಬೇಕಾಗಿರಲಿಲ್ಲ, ಎಲ್ಲವನ್ನೂ ನಾನೇ ಬರೆದುಕೊಟ್ಟಿದ್ದೆ. ಅವತ್ತು ಸಂಪಾದಕರ ಹೆಸರಿನ ಜಾಗದಲ್ಲಿ ಅವರ ಹೆಸರನ್ನು ನನ್ನ ಕೈಯಾರೆ ಟೈಪ್ ಮಾಡಿ, ಪುಸ್ತಕವನ್ನು ಲೈಬ್ರರಿಯ ತಳ್ಳುಗಾಡಿಯ ಮೇಲಿಟ್ಟು, ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಇನ್ನು ಕಳೆದ ಭಾನುವಾರದ ಅಂಗಡಿ. ಕೌಂಟರಿನ ಹತ್ತಿರ ಕ್ಯಾಲೆಂಡರ್ ಸುರುಳಿಗಳನ್ನು ಬಿಚ್ಚಿ ಬಿಚ್ಚಿ ಲಕ್ಷ್ಮಿಯ ಚಿತ್ರಕ್ಕಾಗಿ ಹುಡುಕುತ್ತಿದ್ದವರು ವತ್ಸಲಾ ಆಂಟಿ. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ಮುಖ ಅರಳಿಸಿದರು, ನಡುವೆ ಏನೂ ನಡೆದೇ ಇಲ್ಲವೆಂಬಂತೆ.

"ರೀಟಾ ಅಲ್ವೇನೇ? ಎಷ್ಟು ಇಳಿದುಹೋಗಿದ್ದೀಯ. ಮಗಳಿಗೆ ಗಂಡು ಮಗು ಆಯ್ತು ಕಣೇ, ಪಾರ್ಸಿಪನೀಲಿ ಇದಾರೆ. ಈಗ ಮೊದಲ್ನೇ ಸಲ ನೋಡಕ್ಕೆ ಹೋಗ್ತಿದೀವಿ. ಅಂಕಲ್ ಕಾರಲ್ಲೇ ಕೂತಿದಾರೆ."

ನಾನು ಕಂಗ್ರಾಜುಲೇಶನ್ಸ್ ಎಂದೆ.

"ಅಂಕಲ್ ಬುಕ್ ಬಂತಲ್ಲ, ನಿನ್ನ ಹೆಸರು ಯಾಕೆ ಇಲ್ಲ ಅಂತ ನಾನೇ ಕೇಳ್ದೆ. ನೀನೇ ಬೇಡ ಅಂದ್ಯಂತೆ. ಅಷ್ಟೊಂದು ಕೋಪ ಮಾಡ್ಕೋಬಾರ್ದು ಕಣೇ." ಹಾಗೆನ್ನುತ್ತಲೇ ಹೊಸ ಕ್ಯಾಲೆಂಡರಿನ ಮೇಲೆ ಬೆರಳಾಡಿಸಿದರು. "ಸರಿ, ಈಗ ಹೇಳು. ಭಾನುವಾರ ನಾಲ್ಕೂವರೆಯಿಂದ ಆರು. ಮಗು ನೋಡಕ್ಕೆ ಮೊದಲ್ನೇ ಸಲ ಹೋಗೋದು, ರಾಹುಕಾಲದಲ್ಲಿ ಹೇಗೆ ಹೊರಡೋದು? ಅವತ್ತು ನೀನು ಏನೋ ಹೇಳಿದ್ಯಲ್ಲ, ಬಾಗ್ಲಲ್ಲಿ ಬೂಟ್ ಹಾಕ್ಕೊಳ್ತಾ, ಇಲ್ಲಿ ಟೈಮೇ ಬೇರೆ ಅಂತ. ಅದು ಹೇಗೆ ಲೆಕ್ಕ?"

ಭೂಮಿಯ ಮೇಲೆ ನನಗಿದ್ದ ಏಕೈಕ ಸಾಕ್ಷಿ, ಕೈಯಲ್ಲಿ ಲಕ್ಷ್ಮಿಯ ಕ್ಯಾಲೆಂಡರ್ ಹಿಡಿದು ಎದುರಿಗೆ ನಿಂತಿತ್ತು. ಹೇಳಿದ್ದು ಯಾರು, ಎಲ್ಲಿ ನಿಂತು ಹೇಳಿದ್ದು, ಎಲ್ಲವೂ ಆಂಟಿಗೆ ನೆನಪಿತ್ತು. ಅದು ಪುಸ್ತಕದಲ್ಲಿ ಯಾರ ಹೆಸರಿನಲ್ಲಿದೆ ಎನ್ನುವುದು ಅವರಿಗೆ ಮುಖ್ಯವಾಗಿರಲಿಲ್ಲ, ಅಷ್ಟೇ.

"ನಂಗೆ ನೆನಪಿಲ್ಲ ಆಂಟಿ," ಎಂದೆ. "ಅಂಕಲ್‌ನೇ ಕೇಳಿ. ಅವರೇ ಬರೆದಿದಾರಲ್ಲ."

"ಕೇಳ್ದೆ ಕಣೇ. ಅವರಿಗೂ ಸರಿಯಾಗಿ ಗೊತ್ತಿಲ್ವಂತೆ. ಯಾಕೆ ರಿಸ್ಕು, ಆರು ಗಂಟೆವರೆಗೆ ಕಾಯೋಣ ಅಂದ್ರು."

ಕರಿಬೇವಿನ ದುಡ್ಡು ಕೊಟ್ಟು ಹೊರಗೆ ಬಂದೆ. ಕತ್ತಲಾಗಿ ಆಗಲೇ ಅರ್ಧ ಗಂಟೆಯಾಗಿತ್ತು, ಗಾಳಿ ಮುಖಕ್ಕೆ ಚುಚ್ಚುತ್ತಿತ್ತು. ಬಾಗಿಲ ಹತ್ತಿರದ ಕಾರಿನಲ್ಲಿ ಶ್ರೀಪತಿ ಅಂಕಲ್ ಮಂಕಿ ಕ್ಯಾಪ್ ಹಾಕಿಕೊಂಡು ಮುದುಡಿ ಕೂತಿದ್ದರು. ನನ್ನನ್ನು ಗುರುತಿಸಿ ಗಾಜು ಅರ್ಧ ಇಳಿಸಿದರು. ನಾನು ನಿಲ್ಲಲಿಲ್ಲ. ನನ್ನ ಕಾರು ಹತ್ತಿ, ಹೀಟರ್ ಹಾಕಿ, ಅವರನ್ನು ಆರು ಗಂಟೆಯವರೆಗೆ ಅಲ್ಲೇ ಬಿಟ್ಟು ಬೆಲ್‌ರೋಸಿನ ದಾರಿ ಹಿಡಿದೆ.